ತೋಟದಂಚಿನ ಕ್ಯಾಮೆರಾ

ಪ್ರಶ್ನೆ: ನನ್ನ ತಮ್ಮ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ನವೆಂಬರ್‌ನಲ್ಲಿ 9 ದಿನ ಬಂದೂಕಿನ ಜಿಂಕೆ ಬೇಟೆ. ಪಕ್ಕದ ಮನೆಯವರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರಂತೆ. ಅವರು ಬಳಸುವಂಥದ್ದೇ ಟ್ರೇಲ್ ಕ್ಯಾಮೆರಾ (ಪ್ರಾಣಿ ಎದುರು ಬಂದರೆ ತಾನಾಗಿಯೇ ಫೋಟೋ ತೆಗೆಯುವಂಥದ್ದು) ನನಗೂ ತಂದುಕೊಟ್ಟಿದ್ದಾನೆ. ಅಡಿಕೆ ತೋಟದಲ್ಲಿ ಎಲ್ಲಿ ಕಟ್ಟಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲಿ ಲೈಸೆನ್ಸ್ ಪಡೆದು ಬೇಟೆ ಆಡಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಡವೆ, ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ) ಯಾವುದನ್ನೂ ಬೇಟೆಯಾಡುವ ಹಾಗಿಲ್ಲ. ನೋಡುವ ಖುಷಿಯೇ ಜಾಸ್ತಿ ಅಲ್ವಾ?

ಬೇಲಿಯ ಕಂಡಿ, ಹಳ್ಳದ ದಂಡೆ, ಹಿಕ್ಕೆ ಬಿದ್ದ ಜಾಡು ಹುಡುಕಿ. ಮೊಣಕಾಲೆತ್ತರಕ್ಕೆ ಕಟ್ಟಿ. ಅಡಿಕೆ ಮರಕ್ಕೆ ಬೇಡ, ಗಾಳಿಗೆ ಓಲಾಡುತ್ತದೆ. ಹಲಸಿನ ಮರ ಒಳ್ಳೆಯದು. ಮುಖ ಉತ್ತರಕ್ಕಿರಲಿ. ಸೆನ್ಸರ್ ಗುರುತಿಸುವುದು ಬಿಸಿಯ ಚಲನೆಯನ್ನು. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಫೋಟೋ ತೆಗೆಯುತ್ತದೆ. ಮೊದಲ ವಾರ ನನ್ನ ಕಾರ್ಡ್ ತುಂಬಾ ಏಲಕ್ಕಿ ಎಲೆಯೇ ಇತ್ತು. ಅದನ್ನು ಸವರಿದ ಮೇಲೆ ಒಂದು ರಾತ್ರಿ 2:40ಕ್ಕೆ ಕಾಡುಕುರಿ ಬಂತು. ಒಂದು ಮುಂಗಾಲು ಎತ್ತಿ, ಮೂಗನ್ನು ಲೆನ್ಸಿನ ಹತ್ತಿರಕ್ಕೇ ಚಾಚಿತ್ತು. ಹಸಿ ಮೂಗು ಹೊಳೆಯುತ್ತಿತ್ತು. ಚಹಾ ತಣ್ಣಗಾಗುವವರೆಗೂ ಮನೆಮಂದಿಯೆಲ್ಲ ಅದನ್ನೇ ನೋಡಿದೆವು.

ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದಲ್ಲಾದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಕಟ್ಟಿ. ಇರುವೆ ಒಳಗೆ ಸೇರಿಕೊಳ್ಳುತ್ತವೆ, ಆಗಾಗ ತೆಗೆದು ಒರೆಸಿ.