ನೇಪಿಯರ್ ಬ್ಯಾರಕ್ಸ್ ಬಗ್ಗೆ ಬರೆದು ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ಎರಡು ಸಾಲು ಬರೆದು ವಾಪಸ್ ಕಳಿಸುವ ಲೇಖನವೂ ಇದಲ್ಲ. ಅದಕ್ಕೇ ಬಿಚ್ಚಿ ಹೇಳುತ್ತಿದ್ದೇನೆ.

ನೀವು ಇಂಗ್ಲೆಂಡಿನ ಕೆಂಟ್‌ನಲ್ಲಿದ್ದೀರಿ. ಅಲ್ಲಿನ ಫೋಕ್‌ಸ್ಟನ್ ಊರಿನ ನೇಪಿಯರ್ ಎಂಬ ಹಳೇ ಸೇನಾ ಬ್ಯಾರಕ್ಕಿನಲ್ಲಿ ಆಶ್ರಯ ಕೇಳಿ ಬಂದ ಗಂಡಸರನ್ನು ಇಟ್ಟದ್ದನ್ನು ಬರೆದಿದ್ದೀರಿ. ಸರ್ಕಾರ ಇದನ್ನೆಲ್ಲ ಜನರಿಂದ ಮುಚ್ಚಿಟ್ಟಿತು ಎನ್ನುವುದು ನಿಮ್ಮ ವಾದ. ನಮ್ಮ ಓದುಗರಲ್ಲಿ ಜಾಸ್ತಿ ಜನ ಫೋಕ್‌ಸ್ಟನ್ ಹೆಸರನ್ನೇ ಕೇಳಿರಲಿಕ್ಕಿಲ್ಲ. ನೀವು ಬರೆದದ್ದನ್ನು ತಾಳೆ ನೋಡಲು ಅವರ ಹತ್ತಿರ ಬೇರೇನೂ ಇಲ್ಲ. ಹಾಗಾಗಿ ಪ್ರತಿ ಸಾಲಿಗೂ ನೀವೇ ಹೊಣೆ.

ನನ್ನ ಮುಖ್ಯ ತಕರಾರು ಇದು. ‘ಸರ್ಕಾರ ಮುಚ್ಚಿಡುತ್ತಿದೆ’ ಎಂದು ಪುಟಪುಟದಲ್ಲೂ ಬರೆದಿದ್ದೀರಿ. ಏನನ್ನು ಮುಚ್ಚಿಟ್ಟರು, ಯಾರಿಂದ, ಯಾವಾಗ, ಆಮೇಲೆ ಅದು ಹೇಗೆ ಹೊರಬಂತು ಎಂದು ಎಲ್ಲೂ ಬರೆದಿಲ್ಲ. ಓದುಗರಿಗೆ ನಿಮ್ಮ ಸಿಟ್ಟು ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ನೇಪಿಯರ್ ವಿಷಯದಲ್ಲಂತೂ ಇದು ದೊಡ್ಡ ನಷ್ಟ. ಯಾಕೆಂದರೆ ಇಲ್ಲಿ ಕಾಗದಪತ್ರ ಬೇಕಾದಷ್ಟಿದೆ.

ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ನೇಪಿಯರ್ ಶುರುವಾಯಿತು. ಅದೇ ತಿಂಗಳು ವೇಲ್ಸ್‌ನ ಪೆನಲಿ ಶಿಬಿರವೂ ಶುರುವಾಯಿತು. ಕೋವಿಡ್ ಕಾಲ ಅದು. ಒಂದೊಂದು ಕೋಣೆಯಲ್ಲಿ ಹತ್ತು ಹದಿನಾಲ್ಕು ಹಾಸಿಗೆ. ಇಂಥ ಡಾರ್ಮಿಟರಿ ಸರಿಯಲ್ಲ ಎಂದು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಆಗಲೇ ಗೃಹ ಇಲಾಖೆಗೆ, ಅಂದರೆ ಹೋಂ ಆಫೀಸಿಗೆ, ಹೇಳಿತ್ತು. ನವೆಂಬರ್‌ನಲ್ಲಿ ಅಗ್ನಿ ಸುರಕ್ಷತೆ ಪರಿಶೀಲಿಸಿದವರೂ ಎಚ್ಚರಿಸಿದ್ದರು. 2021ರ ಜನವರಿಯಲ್ಲಿ ಸೋಂಕು ಹರಡಿ ಸುಮಾರು 200 ಜನರಿಗೆ ತಗುಲಿತು. ಅದೇ ತಿಂಗಳ 29ರಂದು ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಫೆಬ್ರವರಿಯಲ್ಲಿ ಆಗಿನ ಗೃಹ ಸಚಿವೆ ಪ್ರೀತಿ ಪಟೇಲ್ ಸಂಸದರ ಸಮಿತಿಯ ಮುಂದೆ ಕೂತು, ಡಾರ್ಮಿಟರಿ ಬಳಕೆಯೆಲ್ಲ ಆರೋಗ್ಯ ಸಂಸ್ಥೆಯ ಸಲಹೆಯಂತೆಯೇ ನಡೆದಿದೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ಜೂನ್ 3ರಂದು ಹೈಕೋರ್ಟ್ ತೀರ್ಪು ಬಂತು. ಆರು ಜನ ಹಾಕಿದ್ದ ಮೊಕದ್ದಮೆ ಅದು. ಅಲ್ಲಿ ಅವರನ್ನು ಇಟ್ಟದ್ದು ಕಾನೂನಿಗೆ ವಿರುದ್ಧ ಎಂದು ನ್ಯಾಯಾಧೀಶರು ಹೇಳಿದರು. ಆರೋಗ್ಯ ಸಂಸ್ಥೆ ಮೊದಲೇ ಏನು ಹೇಳಿತ್ತು ಎನ್ನುವ ವಿವರವೂ ಈ ಮೊಕದ್ದಮೆಯಿಂದ ಹೊರಬಂತು.

ಇಷ್ಟು ಬರೆದರೆ ‘ಸುಳ್ಳು’, ‘ಮೋಸ’ ಎಂಬ ಮಾತು ನಿಮ್ಮ ಕಡೆಯಿಂದ ಬರಬೇಕಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ಸಲಹೆ ಒಂದು ಕಡೆ, ಫೆಬ್ರವರಿಯಲ್ಲಿ ಕೊಟ್ಟ ಉತ್ತರ ಇನ್ನೊಂದು ಕಡೆ. ಓದುವವರೇ ಅಳೆದುಕೊಳ್ಳುತ್ತಾರೆ. ಅವರನ್ನು ನಂಬಿ.

ಮಾಹಿತಿ ಕೇಳಿ ಅರ್ಜಿ ಹಾಕಿದ್ದಾಗಿ ಬರೆದಿದ್ದೀರಿ. ‘ಎಂದಿನಂತೆ ಏನೂ ಕೊಡಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಆ ಸಾಲೇ ಇಡೀ ಲೇಖನದ ಜೀವ ಅನಿಸಿತು. ಏನು ಕೇಳಿದಿರಿ? ಕಾನೂನಿನ ಪ್ರಕಾರ 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು, ಬಂತಾ? ಯಾವ ಕಲಂ ಹೇಳಿ ನಿರಾಕರಿಸಿದರು? ಅಲ್ಲಿನ 2000ನೇ ಇಸವಿಯ ಮಾಹಿತಿ ಕಾಯ್ದೆಯಲ್ಲಿ 43ನೇ ಕಲಂ ವ್ಯಾಪಾರದ ಹಿತಾಸಕ್ತಿಗೆ ಸಂಬಂಧಿಸಿದ್ದು. ಗುತ್ತಿಗೆ ಕಂಪನಿಯ ಲೆಕ್ಕ ಕೇಳಿದಾಗ ಎದುರಾಗುವುದು ಅದು. 35ನೇ ಕಲಂ ಇನ್ನೂ ರೂಪುಗೊಳ್ಳುತ್ತಿರುವ ನೀತಿಯ ಬಗ್ಗೆ. 12ನೇದು, ಮಾಹಿತಿ ಹುಡುಕಲು 600 ಪೌಂಡಿಗಿಂತ ಹೆಚ್ಚು ಖರ್ಚಾಗುತ್ತದೆ ಎನ್ನುವುದು. ನಿಮಗೆ ಇದರಲ್ಲಿ ಯಾವುದನ್ನು ಹೇಳಿದರು ಎನ್ನುವುದು ಮುಖ್ಯ. ಹೇಗೆ ಮುಚ್ಚಿಡುತ್ತಾರೆ ಎಂಬುದು ಅಲ್ಲೇ ಇದೆ. ನಿರಾಕರಿಸಿದ ಪತ್ರವೂ ಒಂದು ದಾಖಲೆ, ಬಿಸಾಡಬೇಡಿ. ಮರುಪರಿಶೀಲನೆ ಕೇಳಿ. ಅದೂ ಆಗದಿದ್ದರೆ ಮಾಹಿತಿ ಆಯುಕ್ತರಿಗೆ ಬರೆಯಿರಿ. ನಮ್ಮ ಮಾಹಿತಿ ಹಕ್ಕಿನಲ್ಲಿ ಮೊದಲ ಮೇಲ್ಮನವಿ, ಆಮೇಲೆ ಆಯೋಗ ಇದ್ದ ಹಾಗೇ ಇದು. ಕನ್ನಡದ ಓದುಗರಿಗೆ ಈ ದಾರಿ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮೂರಿನ ತಾಲೂಕು ಕಚೇರಿಗಳಲ್ಲಿ ಇದೇ ದಾರಿ ಹಿಡಿದವರು ಅವರಲ್ಲಿ ಎಷ್ಟೋ ಜನ ಇದ್ದಾರೆ.

ಹಣದ ವಿಷಯಕ್ಕೆ ‘ಕೋಟಿಗಟ್ಟಲೆ ಪೌಂಡ್’ ಎಂದು ಬರೆದಿದ್ದೀರಿ. ಇದು ಸಾಲದು. ನಮ್ಮ ಸಿಎಜಿಯಂಥ ಸಂಸ್ಥೆ ಅಲ್ಲಿ ನ್ಯಾಷನಲ್ ಆಡಿಟ್ ಆಫೀಸ್. 2024ರ ಮಾರ್ಚ್‌ನಲ್ಲಿ ಅದು ಒಂದು ವರದಿ ಕೊಟ್ಟಿದೆ. ಎಸೆಕ್ಸ್‌ನ ವೆದರ್ಸ್‌ಫೀಲ್ಡ್ ಹಳೇ ವಾಯುನೆಲೆಯನ್ನು ಇಂಥದೇ ಶಿಬಿರವಾಗಿ ಸಜ್ಜು ಮಾಡಲು ಮೊದಲು ಅಂದಾಜು ಮಾಡಿದ್ದು 50 ಲಕ್ಷ ಪೌಂಡ್, ಆಮೇಲೆ ಅದು 4.9 ಕೋಟಿಗೆ ಹೋಯಿತು. ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್‌ನಲ್ಲಿ 50 ಲಕ್ಷ ಇದ್ದದ್ದು 2.7 ಕೋಟಿ ಆಯಿತು. ಇಂಥ ದೊಡ್ಡ ಶಿಬಿರಗಳಿಂದ ಹೋಟೆಲ್ ಖರ್ಚು ಉಳಿಯುತ್ತದೆ ಎಂದು ಜನರಿಗೆ ಹೇಳಲಾಗಿತ್ತು. ಲೆಕ್ಕ ಹಾಕಿದಾಗ ಹೋಟೆಲಿಗಿಂತ 4.6 ಕೋಟಿ ಪೌಂಡ್ ಹೆಚ್ಚೇ ಆಗುತ್ತದೆ ಎಂದು ಕಂಡಿತು. ಸ್ಕ್ಯಾಂಪ್ಟನ್‌ನಲ್ಲಿ ಒಬ್ಬರೂ ತಂಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ಈ ಅಂಕಿಗಳು ನಿಮ್ಮ ಲೇಖನದಲ್ಲಿ ಇರಲೇಬೇಕು.

ಇನ್ನೊಂದು ಗಂಭೀರ ಮಾತು. ಊರಿನವರನ್ನು ನೀವು ಒಂದೇ ಸಾಲಿನಲ್ಲಿ ಜನಾಂಗದ್ವೇಷಿಗಳು ಎಂದುಬಿಟ್ಟಿದ್ದೀರಿ. ಅಂಥವರು ಇದ್ದಾರೆ. ಶಿಬಿರದ ಗೇಟಿನ ಮುಂದೆ ಬಂದು ಬೈದು ಹೋದವರೂ ಇದ್ದಾರೆ. ಅದನ್ನು ಖಂಡಿತ ಬರೆಯಿರಿ. ಆದರೆ ಎಲ್ಲರೂ ಅವರೇ ಅಲ್ಲ. ನೇಪಿಯರ್ ಮತ್ತು ಪೆನಲಿಯನ್ನು ನೋಡಿ ಬಂದ ಸರ್ಕಾರದ ತನಿಖಾಧಿಕಾರಿಗಳೇ ಹೇಳಿದ್ದಾರೆ: ಶಿಬಿರ ತೆರೆಯುವ ಮುಂಚೆ ಸ್ಥಳೀಯ ಸಂಸ್ಥೆಗಳನ್ನು ಕೇಳಿರಲಿಲ್ಲ, ಗುತ್ತಿಗೆದಾರರಿಗೆ ಸಿದ್ಧತೆಗೆ ಎರಡು ವಾರವೂ ಸಿಕ್ಕಿರಲಿಲ್ಲ. ಊರಿನ ವೈದ್ಯರಿಗೆ, ಪೊಲೀಸರಿಗೆ, ಕೌನ್ಸಿಲಿಗೆ ಮೊದಲೇ ಹೇಳದೆ ರಾತ್ರೋರಾತ್ರಿ ಬಸ್ಸು ತಂದು ನಿಲ್ಲಿಸಿದರೆ ಮಾಹಿತಿ ಇರಬೇಕಾದ ಜಾಗವನ್ನು ಗಾಳಿಮಾತು ತುಂಬುತ್ತದೆ. ಗಾಳಿಮಾತಿನ ಪೆಟ್ಟು ಬೀಳುವುದು ಒಳಗಿರುವ ಹುಡುಗರ ಮೇಲೇ. ಮುಚ್ಚಿಟ್ಟದ್ದರಿಂದ ಗೋಡೆಯ ಎರಡೂ ಕಡೆಯವರಿಗೆ ತೊಂದರೆಯಾಯಿತು. ನಿಮ್ಮ ಲೇಖನ ಈ ಮಾತಿನ ಮೇಲೆ ನಿಲ್ಲಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಆ ತನಿಖಾಧಿಕಾರಿಗಳ ಬಗ್ಗೆಯೂ ಒಂದು ಪ್ಯಾರಾ ಬರಲಿ. ಗಡಿ ಮತ್ತು ವಲಸೆ ವಿಭಾಗದ ಮುಖ್ಯ ತನಿಖಾಧಿಕಾರಿ ತಮ್ಮ ವರದಿಯನ್ನು ತಾವೇ ಪ್ರಕಟಿಸುವ ಹಾಗಿಲ್ಲ. ಅದು ಗೃಹ ಸಚಿವರ ಕೈಗೆ ಹೋಗಿ ಅವರ ಮೂಲಕವೇ ಸಂಸತ್ತಿಗೆ ಬರಬೇಕು. ಯಾರ ಮೇಲೆ ವರದಿ ಇದೆಯೋ ಅವರ ಮೇಜಿನ ಮೇಲೇ ಅದು ಕೂತಿರುತ್ತದೆ. 2024ರ ಫೆಬ್ರವರಿಯಲ್ಲಿ ಆ ಹುದ್ದೆಯಲ್ಲಿದ್ದ ಡೇವಿಡ್ ನೀಲ್ ಪತ್ರಿಕೆಗೆ ಮಾಹಿತಿ ಕೊಟ್ಟರೆಂದು ಅವರನ್ನು ತೆಗೆದುಹಾಕಿದರು. ಅದಾದ ಕೆಲವೇ ದಿನಗಳಲ್ಲಿ, ಬಾಕಿ ಉಳಿದಿದ್ದ 13 ವರದಿಗಳು ಒಂದೇ ದಿನ ಹೊರಬಂದವು. ಅಷ್ಟನ್ನೂ ಒಂದೇ ದಿನ ಯಾರು ಓದಲು ಸಾಧ್ಯ? ಪ್ರಕಟಿಸುವುದು ಬೇರೆ, ಜನರಿಗೆ ತಿಳಿಯುವ ಹಾಗೆ ಮಾಡುವುದು ಬೇರೆ.

ಬೈಲಕುಪ್ಪೆಯ ಭಾಗ ತೆಗೆದುಬಿಡಿ. ಟಿಬೆಟಿನವರಿಗೆ 1960ರ ಹೊತ್ತಿಗೆ ಮೈಸೂರು ರಾಜ್ಯ ಭೂಮಿ ಕೊಟ್ಟದ್ದು ದೊಡ್ಡ ವಿಷಯವೇ. ಆದರೆ ಅದು ನೆಲೆ ನಿಲ್ಲಲು ಕೊಟ್ಟ ಜಾಗ. ನೇಪಿಯರ್ ಅರ್ಜಿ ತೀರ್ಮಾನವಾಗುವ ತನಕ ಕಾಯುವವರ ತಾಣವಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ನಾವು ಎಷ್ಟು ಒಳ್ಳೆಯವರು’ ಎಂದರೆ ಲೇಖನ ದಾರಿ ತಪ್ಪುತ್ತದೆ.

ಕೊನೆಯದಾಗಿ, ನೀವು ಮಾತಾಡಿಸಿದ ಸೂಡಾನಿನ ಯುವಕ. ಲೇಖನದಲ್ಲಿ ಅವನು ಅಳುತ್ತಾನೆ, ಅಷ್ಟೇ. ಅವನನ್ನು ಕೇಳಿ: ಎಷ್ಟು ದಿನ ಇಲ್ಲಿರಬೇಕು ಎಂದು ಯಾರಾದರೂ ಹೇಳಿದ್ದರಾ? ಯಾವ ಭಾಷೆಯಲ್ಲಿ ಹೇಳಿದರು? ಕೈಗೆ ಕಾಗದ ಏನಾದರೂ ಕೊಟ್ಟರಾ? ವಕೀಲರ ಜೊತೆ ಫೋನಿನಲ್ಲಿ ಮಾತಾಡಲು ಒಂದು ಮರೆಯ ಜಾಗ ಇತ್ತಾ? ಸರ್ಕಾರ ಮೊದಲು ಪಾರದರ್ಶಕವಾಗಿ ಇರಬೇಕಾದದ್ದು ಅವನ ಜೊತೆ, ಅಲ್ವಾ? ಹೈಕೋರ್ಟಿಗೆ ಹೋದದ್ದೂ ಅಂಥವರೇ. ಹಾಗಾಗಿ ಅವನ ಮಾತಿಗೆ ಕನಿಷ್ಠ ಒಂದು ಪುಟ ಕೊಡಿ.

ಆದರೆ ಅವನ ಹೆಸರು, ಊರು, ಬಂದ ದಾರಿ, ಅಣ್ಣನ ಕೆಲಸ ಎಲ್ಲವನ್ನೂ ತೆಗೆಯಿರಿ. ಅರ್ಜಿ ಇನ್ನೂ ಬಾಕಿ ಇರಬಹುದು. ಮನೆಯವರು ಸೂಡಾನಿನಲ್ಲೇ ಇದ್ದಾರೆ. ಅವನು ಒಪ್ಪಿದ್ದಾನೆ ಎಂದು ಬರೆದಿದ್ದೀರಿ, ಒಪ್ಪಿದರೂ ಬೇಡ. ಗುರುತು ಸಿಗುವ ಫೋಟೋವನ್ನೂ ನಾವು ಹಾಕುವುದಿಲ್ಲ.

ಹೊಸ ಪ್ರತಿ ಎರಡು ಸಾವಿರ ಪದದೊಳಗೆ ಇರಲಿ. ಅದರ ಜೊತೆ ನಿಮ್ಮ ಮಾಹಿತಿ ಅರ್ಜಿ, ಅದಕ್ಕೆ ಬಂದ ಉತ್ತರ, ತೀರ್ಪಿನಲ್ಲಿ ನೀವು ಆಧಾರ ಮಾಡಿಕೊಂಡ ಪುಟಗಳು ಇವಿಷ್ಟನ್ನೂ ಕಳಿಸಿ. ನಾನೇ ಕೂತು ತಾಳೆ ನೋಡುತ್ತೇನೆ. ಮರುಪರಿಶೀಲನೆಗೆ ಉತ್ತರ ಬರುವ ತನಕ ಕಾಯಬೇಕೆಂದರೆ ಕಾಯಿರಿ. ಆತುರವಿಲ್ಲ.

ಇಂತಿ,
ಸಂಪಾದಕ