ಪ್ರತಿಕ್ರಿಯೆ: ವಿಯೆಟ್ನಾಂಗೆ ಒಬ್ಳೇ ಹೋದ್ರೆ ಬೋರ್ ಆಗಲ್ವಾ?

ಹತ್ತು ದಿನ ವಿಯೆಟ್ನಾಂನಲ್ಲಿ ಮಾತಾಡೋಕೆ ಯಾರೂ ಸಿಗ್ದಿದ್ರೆ ಏನ್ ಮಾಡ್ಲಿ ಅಂತ ಕೇಳಿದೀರಲ್ಲ, ಮೊದಲೆರಡು ದಿನ ಹಂಗೇ ಅನ್ಸತ್ತೆ ಮೇಡಂ, ನಾನಂತೂ ಹನೋಯ್‌ನಲ್ಲಿ ರೂಮಲ್ಲೇ ಕೂತು ಮನೆಗೆ ವಿಡಿಯೋ ಕಾಲ್ ಮಾಡ್ತಿದ್ದೆ. ಮಾತಿಗೆ ಜನ ಬೇಕಂದ್ರೆ ಊರಿಂದೂರಿಗೆ ಫ್ಲೈಟ್ ಬಿಡಿ, ಟ್ರೇನ್ ಹಿಡೀರಿ. ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ 1726 ಕಿ.ಮೀ. ಲೈನು, ಆರು ಬರ್ತಿನ ಸ್ಲೀಪರೇ ತಗೊಳ್ಳಿ, ನಂಗೆ ಎದುರು ಬರ್ತಿನ ಅಜ್ಜಿ ಭಾಷೆ ಬರದಿದ್ರೂ ಕಿತ್ತಳೆ ಸುಲ್ದು ಕೊಡ್ತಾನೇ ದಾರೀಲಿ ಸಿಗೋ ಹುವೆ ಅನ್ನೋ ಊರಿನ ತನಕ ಬಂದ್ರು, ಇಲ್ಲಿ ಲಿಫ್ಟಲ್ಲೂ ಯಾರ ಮುಖಾನೂ ನೋಡದ ನಾನು ಅವತ್ತು ಕೈಸನ್ನೇಲೇ ಗಂಟೆಗಟ್ಲೆ ಹರಟಿದೀನಿ! ಹುವೆಯಿಂದ ದನಾಂಗ್‌ಗೆ ಮಾತ್ರ ಹಗಲು ಟ್ರೇನೇ ಹಿಡೀರಿ, ಹಾಯ್ ವಾನ್ ಘಾಟಲ್ಲಿ ಸಮುದ್ರ ಕಾಣತ್ತೆ. ವೆಜ್ ಆದ್ರೆ 'ಆನ್ ಚಾಯ್' ಅನ್ನಿ, ಟೀ ತರಲ್ಲ, ಸಸ್ಯಾಹಾರ ಅಂತ ಅದ್ರರ್ಥ.