ಹುಣಸೆ ಮಣೆ ಸೀಳಿದ್ದೇಕೆ?

ಪ್ರಶ್ನೆ: ಹೊಲದ ಬದುವಿನಲ್ಲಿ ಉರುಳಿದ ಹುಣಸೆ ಮರದಿಂದ ತರಕಾರಿ ಹೆಚ್ಚುವ ಮಣೆ ಮಾಡಿಸಿದೆ, ತಿಂಗಳೊಳಗೆ ತುದಿಯಿಂದ ಸೀಳಿತು. ಯಾವ ಎಣ್ಣೆ ಹಚ್ಚಬೇಕಿತ್ತು?
— ಓದುಗರೊಬ್ಬರು, ಬ್ಯಾಡಗಿ

ಉತ್ತರ: ತಪ್ಪು ಎಣ್ಣೆಗಿಂತ ಮೊದಲೇ ಆಗಿದೆ. ಹುಣಸೆ ಗಟ್ಟಿಮರವೇ, ಆದರೆ ಹಸಿಯಿದ್ದಾಗ ಮಣೆ ಮಾಡಿದರೆ, ತೇವವು ಹಲಗೆಯ ಮೈಗಿಂತ ಕೊಯ್ದ ತುದಿಗಳಿಂದ ಬಹುಬೇಗ ಹೊರಬೀಳುವುದರಿಂದ ಅಲ್ಲಿಯೇ ಮೊದಲು ಕುಗ್ಗಿ ಸೀಳುತ್ತದೆ. ಉಳಿದ ದಿಮ್ಮಿಯನ್ನು ಎರಡಂಗುಲದ ಹಲಗೆಗಳಾಗಿ ಕೊಯ್ಸಿ, ತುದಿಗಳಿಗೆ ಮೇಣ ಬಳಿದು, ನಡುವೆ ರೀಪು ಇಟ್ಟು ನೆರಳಿನಲ್ಲಿ ಪೇರಿಸಿ, ಅಂಗುಲ ದಪ್ಪಕ್ಕೆ ಸುಮಾರು 1 ವರ್ಷದಂತೆ ಒಣಗಿಸಿರಿ. ನಿಮ್ಮೂರಿನ ಬಿಸಿಲು ಮೆಣಸಿನಕಾಯಿಗೇ ಇರಲಿ.

ಬಳಿಕ ಗಾಣದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರೆಸಿರಿ. ಅದು ಗಾಳಿಗೆ ಗಟ್ಟಿಯಾಗುತ್ತದೆ. ಬಣ್ಣದಂಗಡಿಯ ‘ಕುದಿಸಿದ’ ಅಗಸೆ ಎಣ್ಣೆಗೆ ಸಾಮಾನ್ಯವಾಗಿ ಲೋಹದ ಒಣಕಾರಕ ಬೆರೆಸಿರುತ್ತಾರೆ, ಅದು ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸಿರಿ. ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು.